ಆವರಣ ಮತ್ತು ಹಿತ್ತಲುಗಳಲ್ಲಿ ನಿತ್ಯಹಸಿರು ಮರಗಳ ಪಾಲನೆ: ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯೂ ಸೇರಿದಂತೆ ಜಿಲ್ಲೆಯ ಗ್ರಾಮ ಪಂಚಾಯತಿಗಳಲ್ಲಿ ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಹಾಗೂ ಜುಲೈ ಮೊದಲ ವಾರದ ವನಮಹೋತ್ಸವದ ಸಂದರ್ಭದಲ್ಲಿ ಶಾಲೆ, ಅಂಗನವಾಡಿ, ಪಂಚಾಯತಿ ಕಚೇರಿ, ಆರೋಗ್ಯ ಉಪಕೇಂದ್ರ ಮತ್ತು ಹಾಲು ಉತ್ಪಾದಕರ ಸಂಘಗಳ ಆವರಣದಲ್ಲಿ ಸಸಿಗಳನ್ನು ನೆಡಲಾಗುತ್ತದೆ. ಮರುವರ್ಷ ಅದೇ ದಿನ, ಅನೇಕ ಕಡೆ ಅದೇ ಗುಂಡಿಯಲ್ಲಿ, ಮತ್ತೊಂದು ಸಸಿಯನ್ನು ನೆಡಲಾಗುತ್ತದೆ. ಮೊದಲನೆಯದು ಏನಾಯಿತೆಂಬುದು ನಡಾವಳಿ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಗುಂಡಿ ತೆಗೆದ ಕೂಲಿ, ಸಸಿ ಸಾಗಿಸಿದ ಬಾಡಿಗೆ ಮತ್ತು ಬೇಲಿಯ ವೆಚ್ಚಗಳು ಮಾತ್ರ ಎರಡೆರಡು ಬಾರಿ ಖರ್ಚಿನ ಪಟ್ಟಿಯಲ್ಲಿರುತ್ತವೆ.

ಸಾಮಾಜಿಕ ಅರಣ್ಯ ಮತ್ತು ಕೃಷಿ ಅರಣ್ಯವು ಸಂವಿಧಾನದ 11ನೇ ಅನುಸೂಚಿಯ 6ನೇ ಬಾಬ್ತಾಗಿ ಪಂಚಾಯತ್ ರಾಜ್ ಸಂಸ್ಥೆಗಳ ವಿಷಯಗಳ ಪಟ್ಟಿಯಲ್ಲಿದೆ. ಆದ್ದರಿಂದ ಸಸಿ ಒಣಗುವುದನ್ನು ಅರಣ್ಯ ಇಲಾಖೆಯ ಅಥವಾ ಮುಖ್ಯ ಶಿಕ್ಷಕರ ತಲೆನೋವೆಂದು ಬದಿಗಿರಿಸಲು ಬರುವುದಿಲ್ಲ. ಸಸಿಗಳು ಒಣಗುವುದಕ್ಕೆ ನಿರ್ಲಕ್ಷ್ಯವೊಂದೇ ಕಾರಣವಲ್ಲ. ನೆರಳಿಗಾಗಿ ಸದಸ್ಯರೂ ಗ್ರಾಮಸ್ಥರೂ ಕೇಳುವ ಹೊಂಗೆ, ನೇರಳೆ, ರಂಜೆ, ಹಲಸು, ಮಾವು ಮುಂತಾದವು ವರ್ಷವಿಡೀ ಹಸಿರಾಗಿರುವ ಅಗಲ ಎಲೆಯ ಮರಗಳು. ಆ ಗುಣದಿಂದಾಗಿಯೇ ಅವುಗಳ ಎಳೆಯ ಸಸಿಗಳು ಈ ಸೀಮೆಯ ಬೇಸಿಗೆಯಲ್ಲಿ ವಿಶೇಷ ಕಷ್ಟಕ್ಕೆ ಒಳಗಾಗುತ್ತವೆ. ಆ ಕಷ್ಟದ ಸ್ವರೂಪವನ್ನು ತಿಳಿದರೆ ನೆಡುವ ತಿಂಗಳು, ಗುಂಡಿಯ ಅಳತೆ, ಸಸಿಗಳ ಸಂಖ್ಯೆ ಈ ಮೂರನ್ನೂ ಬೇರೆ ರೀತಿಯಲ್ಲಿ ನಿರ್ಧರಿಸಬೇಕಾಗುತ್ತದೆ.

ನಿತ್ಯಹಸಿರು ಎಂದರೇನು

ನಿತ್ಯಹಸಿರು ಮರವೆಂದರೆ ಎಲೆ ಉದುರಿಸದ ಮರವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಎಲೆ ಉದುರಿಸದ ಮರವೇ ಇಲ್ಲ. ತೇಗ, ಹಿಪ್ಪೆ ಮುಂತಾದವು ಒಣ ಋತುವಿನಲ್ಲಿ ಎಲೆಗಳನ್ನೆಲ್ಲ ಒಟ್ಟಿಗೆ ಕಳಚಿ ಬರಿದಾಗುತ್ತವೆ. ನೇರಳೆ, ಮಾವು, ಹಲಸುಗಳಲ್ಲಿ ಹಳೆಯ ಎಲೆ ಉದುರುವ ಹೊತ್ತಿಗೆ ಹೊಸ ಎಲೆ ಬಂದಿರುವುದರಿಂದ ಮರವು ಬರಿದಾದಂತೆ ಕಾಣುವುದಿಲ್ಲ. ಹೊಂಗೆಯದು ಇವೆರಡರ ನಡುವಣ ಸ್ವಭಾವ. ಚಳಿಗಾಲದ ಕೊನೆಗೆ ಅದು ಎಲೆ ಕಳಚಿ, ಯುಗಾದಿಯ ಹೊತ್ತಿಗೆ ತಿಳಿಹಸಿರಾಗಿ ತುಂಬಿಕೊಳ್ಳುತ್ತದೆ. ಬಿಸಿಲು ಏರುವ ವೇಳೆಗೆ ನೆರಳು ಸಿದ್ಧವಾಗುವುದರಿಂದ ಹಳ್ಳಿಗಳಲ್ಲಿ ಅದನ್ನು ನಿತ್ಯಹಸಿರಿನ ಲೆಕ್ಕಕ್ಕೇ ಸೇರಿಸಿಕೊಂಡು ಬರಲಾಗಿದೆ, ಅದು ತಪ್ಪೇನಲ್ಲ.

ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಮರವು ನೀರನ್ನು ಆವಿಯಾಗಿ ಹೊರಬಿಡುತ್ತದೆ. ಎಲೆ ಕಳಚಿದ ಮರಕ್ಕೆ ಬೇಸಿಗೆಯು ವಿಶ್ರಾಂತಿಯ ಕಾಲ. ನಿತ್ಯಹಸಿರು ಮರಕ್ಕೆ ಅಂತಹ ವಿಶ್ರಾಂತಿ ಇರುವುದಿಲ್ಲ. ಬೆಳೆದ ಮರವು ಆಳದ ಬೇರುಗಳಿಂದ ಈ ಬೇಡಿಕೆಯನ್ನು ಪೂರೈಸಿಕೊಳ್ಳುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಮಳೆಯಾಶ್ರಿತ ಮಾವಿನ ತೋಪುಗಳು ಏಪ್ರಿಲ್‌ನಲ್ಲೂ ದಟ್ಟ ಹಸಿರಾಗಿರುವುದು ಇದೇ ಕಾರಣದಿಂದ. ಹೊಸದಾಗಿ ನೆಟ್ಟ ಸಸಿಯ ಬೇರಾದರೋ ಒಂದೆರಡು ಅಡಿ ಆಳದ ಗುಂಡಿಯೊಳಗೇ ಇರುತ್ತದೆ. ಮೇಲಿನ ಎಲೆ ನೀರು ಬಿಡುತ್ತಲೇ ಇರುತ್ತದೆ, ಕೆಳಗಿನ ಮಣ್ಣು ಫೆಬ್ರವರಿಯ ವೇಳೆಗೆ ಒಣಗಿರುತ್ತದೆ. ಬೇರು ಗುಂಡಿಯನ್ನು ದಾಟಿ ಸುತ್ತಲಿನ ಮಣ್ಣಿಗೆ ಇಳಿಯಲು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಬೇಕಾಗುತ್ತದೆ. ಆ ಮೂರು ಬೇಸಿಗೆಗಳನ್ನು ದಾಟಿದ ಹೊಂಗೆಗೆ ಅನಂತರ ಪಂಚಾಯತಿಯ ನೀರು ಬೇಕಾಗುವುದಿಲ್ಲ. ಒಂದೇ ಬೇಸಿಗೆ ನೀರು ಕೊಟ್ಟು ನಿಲ್ಲಿಸಿದಲ್ಲಿ, ಅಲ್ಲಿಯವರೆಗಿನ ವೆಚ್ಚವೂ ವ್ಯರ್ಥವಾಗುವ ಸಂಭವವೇ ಹೆಚ್ಚು.

ನೆಡುವ ಕಾಲ ಮತ್ತು ಗುಂಡಿ

ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 750 ಮಿ.ಮೀ. ಮಲೆನಾಡಿನಲ್ಲಿ ಜೂನ್-ಜುಲೈ ತಿಂಗಳುಗಳು ಮಳೆಯ ತಿಂಗಳುಗಳಾದರೆ, ಕೋಲಾರದಲ್ಲಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಜೂನ್ 5ರಂದು ನೆಟ್ಟ ಸಸಿಯು ಒಂದೆರಡು ಹದ ಮಳೆ ಕಂಡು ಚಿಗುರಿ, ನಂತರ ಬರುವ ಒಣ ಬಿಡುವಿನಲ್ಲಿ ಬಾಡುವುದನ್ನು ರಾಗಿ ಬಿತ್ತುವ ಯಾವ ರೈತನೂ ಅರ್ಥ ಮಾಡಿಕೊಳ್ಳಬಲ್ಲನು. ದಿನಾಚರಣೆಯನ್ನು ಬಿಡಬೇಕಾಗಿಲ್ಲ. ಆ ದಿನ ಗುಂಡಿ ತೆಗೆಯುವ ಕಾರ್ಯಕ್ರಮ ನಡೆಸಿ, ಸಸಿಯನ್ನು ಆಗಸ್ಟ್ ಎರಡನೆಯ ವಾರದಿಂದ ಸೆಪ್ಟೆಂಬರ್ ಮಧ್ಯದೊಳಗೆ, ಒಂದು ಮೊಳ ಆಳದವರೆಗೆ ಮಣ್ಣು ನೆನೆದ ಮೇಲೆ ನೆಡುವುದು ಸೂಕ್ತ. ಹೀಗೆ ಮಾಡಿದರೆ ಎರಡು ಪ್ರಯೋಜನಗಳಿವೆ. ತೆರೆದ ಗುಂಡಿಯ ಮಣ್ಣು ಬಿಸಿಲು-ಮಳೆಗೆ ಒಡ್ಡಿಕೊಂಡು ಸಡಿಲವಾಗುತ್ತದೆ. ನೆಟ್ಟ ಸಸಿಗೆ ಹಿಂಗಾರು ಮಳೆ ಸೇರಿದಂತೆ ಮೂರು ತಿಂಗಳ ತೇವ ಸಿಗುತ್ತದೆ. ಛಾಯಾಚಿತ್ರದಲ್ಲಿ ಬರಿಯ ಗುಂಡಿ ಅಷ್ಟು ಚೆನ್ನಾಗಿ ಕಾಣದೆಂಬ ಆಕ್ಷೇಪಣೆ ಬಂದರೆ ಅದನ್ನು ಸಹಿಸಿಕೊಳ್ಳಬಹುದು.

ಗುಂಡಿಯ ಅಳತೆಯನ್ನು ಮಣ್ಣು ನೋಡಿ ನಿಗದಿಪಡಿಸಬೇಕು. ಈ ಭಾಗದ ಕೆಮ್ಮಣ್ಣಿನಲ್ಲಿ ಒಂದೂವರೆ-ಎರಡು ಅಡಿ ಕೆಳಗೆ ಗಟ್ಟಿಯಾದ ಗರಸು ಅಥವಾ ಮೊರಂ ಪದರ ಸಿಗುವುದುಂಟು. ಒಂದೂವರೆ ಅಡಿಯ ಗುಂಡಿ ಆ ಪದರದ ಮೇಲೆಯೇ ನಿಂತರೆ ಬೇರು ಕೆಳಗಿಳಿಯಲಾರದೆ ಬಟ್ಟಲಿನಲ್ಲಿ ಸುತ್ತಿದಂತೆ ಸುತ್ತುತ್ತದೆ. ಹೊಂಗೆ, ಬೇವುಗಳಿಗೆ 60 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿ ಸಾಕು. ಮಾವು, ಹಲಸು, ನೇರಳೆಗಳಿಗೆ 1 ಮೀಟರ್ ಅಳತೆ ಉತ್ತಮ. ಈ ಎರಡು ಅಳತೆಗಳಲ್ಲಿ ಅಗೆಯುವ ಮಣ್ಣಿನ ಪ್ರಮಾಣ ಕ್ರಮವಾಗಿ 0.216 ಮತ್ತು 1 ಘನ ಮೀಟರ್, ಅಂದರೆ ದೊಡ್ಡದರ ಕೆಲಸವು ಚಿಕ್ಕದರ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಅಂದಾಜು ಪಟ್ಟಿಯಲ್ಲಿ ಎಲ್ಲ ಜಾತಿಗೂ ಒಂದೇ ದರ ಹಾಕಿದಾಗ ದೊಡ್ಡ ಗುಂಡಿಗಳು ಕಾಗದದಲ್ಲಿ ಮಾತ್ರ ದೊಡ್ಡವಾಗಿ ಉಳಿಯುವುದು ಇದರಿಂದಲೇ. ಯಂತ್ರದ ಕೊರೆಯುವ ಸಾಧನದಿಂದ ಗುಂಡಿ ತೆಗೆದಲ್ಲಿ ಒಳಗೋಡೆಗಳು ನುಣುಪಾಗಿ ಗಟ್ಟಿಯಾಗುತ್ತವೆ. ಅವನ್ನು ಹಾರೆಯಿಂದ ಅಲ್ಲಲ್ಲಿ ಕೆರೆದು ಒರಟು ಮಾಡಬೇಕು.

ಅಗೆದ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆದ್ದಲು ಇರುವೆಡೆ ಅರ್ಧ ಕಿಲೋ ಹೊಂಗೆ ಅಥವಾ ಬೇವಿನ ಹಿಂಡಿ ಸೇರಿಸಿ ಗುಂಡಿ ತುಂಬಬೇಕು. ಪಾಲಿಥೀನ್ ಚೀಲವನ್ನು ಪೂರ್ಣವಾಗಿ ತೆಗೆಯದೆ ನೆಡುವ ತಪ್ಪು ಇಂದಿಗೂ ನಡೆಯುತ್ತಿದೆ. ಒಣಗಿದ ಸಸಿಯನ್ನು ಕಿತ್ತಾಗ ಚೀಲವೂ ಅದರೊಂದಿಗೆ ಬರುವುದನ್ನು ಅನೇಕ ಸದಸ್ಯರು ಕಂಡಿರಬಹುದು. ಚೀಲದ ತಳದಲ್ಲಿ ಸುರುಳಿಯಾದ ಬೇರುಗಳಿದ್ದರೆ ಹರಿತವಾದ ಚಾಕುವಿನಿಂದ ಕತ್ತರಿಸಿ ನೆಡತಕ್ಕದ್ದು.

ಯಾವ ಸ್ಥಳಕ್ಕೆ ಯಾವ ಮರ

ಹೊಂಗೆಯು ಈ ಜಿಲ್ಲೆಯ ಆವರಣಗಳಿಗೆ ಮೊದಲ ಆಯ್ಕೆಯಾಗಿರಲು ಅರ್ಹವಾದ ಮರ. ಅದು ದ್ವಿದಳ ಜಾತಿಗೆ ಸೇರಿದ್ದು, ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಎಲೆಯ ರುಚಿ ಮೇಕೆಗಳಿಗೆ ಅಷ್ಟಾಗಿ ಹಿಡಿಸದಿರುವುದರಿಂದ ಬೇಲಿ ಸಡಿಲವಾದರೂ ಉಳಿಯುವ ಸಾಧ್ಯತೆ ಹೆಚ್ಚು. ಬೀಜದಿಂದ ಎಣ್ಣೆ, ಹಿಂಡಿಯಿಂದ ಗೊಬ್ಬರ ದೊರೆಯುತ್ತದೆ. ಕೊಂಬೆಗಳು ಕೆಳಗಿನಿಂದಲೇ ಹರಡುವ ಕಾರಣ ಮೊದಲ ಮೂರು-ನಾಲ್ಕು ವರ್ಷ ತಗ್ಗಿನ ಕವಲುಗಳನ್ನು ಸವರಿ, ಕಾಂಡವನ್ನು ಎಂಟು ಅಡಿಯವರೆಗೆ ನೇರವಾಗಿ ಬೆಳೆಸಿದರೆ ಮಾತ್ರ ಅದರ ಕೆಳಗೆ ಮಕ್ಕಳು ಕೂರಲು ಜಾಗವಾಗುತ್ತದೆ.

ನೇರಳೆಯು ಕೆರೆಯ ಅಂಚು, ಕಾಲುವೆ ಬದಿ ಮತ್ತು ಕೊಳಾಯಿಯ ನೀರು ಹರಿಯುವ ಸ್ಥಳಗಳಿಗೆ ಹೇಳಿ ಮಾಡಿಸಿದಂತಹುದು. ಕೆಲವು ದಿನ ನೀರು ನಿಂತರೂ ತಾಳಿಕೊಳ್ಳುತ್ತದೆ. ಜೂನ್-ಜುಲೈನಲ್ಲಿ ಬೀಳುವ ಹಣ್ಣು ನೆಲವನ್ನು ನೇರಳೆ ಬಣ್ಣಕ್ಕೆ ತಿರುಗಿಸುವುದರಿಂದ ಅಂಗನವಾಡಿಯ ಬಾಗಿಲೆದುರು, ವಾಹನ ನಿಲ್ಲಿಸುವ ಜಾಗದಲ್ಲಿ ನೆಡದಿರುವುದು ಒಳಿತು. ಇದರ ಬೀಜದ ಬಗೆಗೆ ಒಂದು ಮಾತು ಮುಖ್ಯ. ನೇರಳೆ, ಮಾವು, ಹಲಸು, ಬೇವುಗಳ ಬೀಜಗಳು ಒಣಗಿಸಿ ಇಡಲು ಬರುವಂತಹವಲ್ಲ. ಹಣ್ಣಿನಿಂದ ತೆಗೆದ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಕುಂದುತ್ತದೆ. ಸಂಜೀವಿನಿ ಒಕ್ಕೂಟದ ಮಹಿಳೆಯರಿಂದ ಸಸಿಮಡಿ ಮಾಡಿಸಲು ಯೋಚಿಸುವ ಪಂಚಾಯತಿಗಳು ಕಾರ್ಯಾದೇಶವನ್ನು ಮೇ ತಿಂಗಳಲ್ಲೇ ನೀಡಬೇಕು. ಆಗಸ್ಟ್‌ನಲ್ಲಿ ನೀಡಿದ ಆದೇಶಕ್ಕೆ ನೇರಳೆ ಬೀಜ ಸಿಗುವುದಿಲ್ಲ. ಹುಣಸೆಯ ಬೀಜವಾದರೆ ತಿಂಗಳುಗಟ್ಟಲೆ ಇಟ್ಟರೂ ಮೊಳೆಯುತ್ತದೆ.

ಹಲಸಿಗೆ ಆಳಕ್ಕಿಳಿಯುವ ತಾಯಿಬೇರು ಇರುವುದರಿಂದ ದೊಡ್ಡ ಸಸಿ ತಂದು ನೆಡುವುದಕ್ಕಿಂತ ಹೊಸ ಬೀಜವನ್ನು ಸ್ಥಳದಲ್ಲೇ ಊರುವುದು ಅಥವಾ ಚಿಕ್ಕ ಸಸಿಯನ್ನು ನೆಡುವುದು ಲೇಸು. ಅದಕ್ಕೆ ನಿಂತ ನೀರು ಆಗದು. ಮಾವಿನಲ್ಲಿ ಕಸಿ ಗಿಡವು ತಗ್ಗಾಗಿ ಹರಡಿ ಬೇಗ ಫಲ ಕೊಡುತ್ತದೆ, ಆದ್ದರಿಂದ ಮನೆಯ ಹಿತ್ತಲಿಗೆ ಅನುಕೂಲ. ಸಾರ್ವಜನಿಕ ಸ್ಥಳದ ನೆರಳಿಗೆ ಓಟೆಯಿಂದ ಬೆಳೆಸಿದ ನಾಟಿ ಮಾವು ಎತ್ತರವಾಗಿ, ದೀರ್ಘಕಾಲ ನಿಲ್ಲುತ್ತದೆ. ಶಾಲೆಯ ಹೆಂಚಿನ ಮಾಡಿನ ಪಕ್ಕದಲ್ಲಿ ಮಾವಿನ ಮರವಿದ್ದರೆ ಹೆಂಚುಗಳ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಬಕುಲವೆಂದೂ ಕರೆಯಲ್ಪಡುವ ರಂಜೆಯು ನಿಧಾನವಾಗಿ ಬೆಳೆಯುವ ಮರ. ಮುಂದಿನ ಚುನಾವಣೆಯೊಳಗೆ ನೆರಳು ಕೊಡುವುದಿಲ್ಲ. ಆದರೆ ಕಚೇರಿ, ಗ್ರಂಥಾಲಯ, ದೇವಸ್ಥಾನದ ಸೀಮಿತ ಅಂಗಳಕ್ಕೆ ಅದರಷ್ಟು ದಟ್ಟವಾದ, ಅಡಕವಾದ ಮರ ಬೇರೊಂದಿಲ್ಲವೆನ್ನಬಹುದು. ಹುಣಸೆಯು ರಸ್ತೆಬದಿ ಮತ್ತು ತೋಪುಗಳಿಗೆ ಸಲ್ಲುತ್ತದೆ. ಹಣ್ಣಿನ ಹರಾಜಿನಿಂದ ಆದಾಯವೂ ಉಂಟು. ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಆಲದ ಮರವನ್ನು ಕಟ್ಟಡದಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಅಲ್ಲದೆ ನೆಡಬಾರದು. ಕಾಂಪೌಂಡ್ ಗೋಡೆ, ಶೌಚಾಲಯದ ಗುಂಡಿ ಮತ್ತು ನೀರಿನ ತೊಟ್ಟಿಗಳನ್ನು ಅದರ ಬೇರು ಸೀಳುತ್ತದೆ.

ಮನೆಯ ಹಿತ್ತಲಿನ ಲೆಕ್ಕವೇ ಬೇರೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವ ಜಾಗದಲ್ಲಿ ನೇರಳೆ, ಹಲಸುಗಳಿಗೆ ಎಡೆಯಿಲ್ಲ. ಕರಿಬೇವು, ನಿಂಬೆ, ಸೀಬೆ, ಜಾಗ ತುಸು ಹೆಚ್ಚಿದ್ದರೆ ಸಪೋಟ, ಇವೂ ನಿತ್ಯಹಸಿರಾಗಿದ್ದು ಬಚ್ಚಲು ನೀರಿನಲ್ಲೇ ಬೆಳೆಯಬಲ್ಲವು. ವಸತಿ ಯೋಜನೆಗಳ ಫಲಾನುಭವಿಗಳಿಗೆ ಸಸಿ ವಿತರಿಸುವಾಗ ಈ ಭೇದವನ್ನು ಗಮನಿಸಬೇಕು.

ಹಸಿರಾಗಿರುವುದೆಲ್ಲವೂ ತಕ್ಕುದಲ್ಲ

ನೀಲಗಿರಿಯೂ ಅಗಲ ಎಲೆಯ ನಿತ್ಯಹಸಿರು ಮರವೇ. ಈ ಜಿಲ್ಲೆಗೆ ಅದರ ಅನುಭವವನ್ನು ಹೊರಗಿನವರು ಹೇಳಬೇಕಾಗಿಲ್ಲ. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ನಂದಿಬೆಟ್ಟದ ತೋಟಕ್ಕೆ ಸುಮಾರು 1790ರ ವೇಳೆಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ ಬಂದ ಈ ಮರವು 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ರಾಗಿ ಹೊಲಗಳನ್ನೂ ಆವರಿಸಿತು. ನೆರೆಯ ಹೊಸಕೋಟೆಯಲ್ಲಿ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ನಡೆಸಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ನೀಲಗಿರಿ ತೋಪು ಅಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂದಿತು. ಆಳಕ್ಕಿಳಿದ ಬೇರುಗಳು ಹಿಂದಿನ ವರ್ಷಗಳಲ್ಲಿ ಮಣ್ಣಿನಲ್ಲಿ ಸಂಗ್ರಹವಾಗಿದ್ದ ತೇವವನ್ನು ಹೀರಿದ್ದವು. ಅದೇ ಅಧ್ಯಯನದ ಇತರ ತಾಣಗಳಲ್ಲಿ ನೀಲಗಿರಿಯ ನೀರಿನ ಬಳಕೆ ಸ್ಥಳೀಯ ಕಾಡಿಗಿಂತ ಹೆಚ್ಚಾಗಿರಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಆದರೆ ಸದಸ್ಯರಿಗೆ ಸಂಬಂಧಿಸಿದ್ದು ಶಿವಮೊಗ್ಗದ ಕಾಡಲ್ಲ, ಹೊಸಕೋಟೆಯಂತಹ ಒಣಭೂಮಿ. ರಾಜ್ಯ ಸರ್ಕಾರವು 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿದೆ. ಟೊಮೆಟೊ ಬೆಳೆಗೆ ಆಸರೆಯ ಕಡ್ಡಿ ಎಲ್ಲಿಂದ ತರುವುದೆಂಬ ರೈತರ ಪ್ರಶ್ನೆ ಮಾತ್ರ ನಿಜವಾದದ್ದು. ಅದಕ್ಕೆ ಶಾಲೆಯ ಆವರಣ ಉತ್ತರವಾಗಲಾರದು.

ಇತ್ತೀಚೆಗೆ ನರ್ಸರಿಗಳಲ್ಲಿ ಬೇಗ ಬೆಳೆಯುವ ಹಸಿರು ಗೋಡೆಯೆಂದು ಮಾರಲಾಗುತ್ತಿರುವ ಕೋನೋಕಾರ್ಪಸ್ ಗಿಡವನ್ನು ನೆಡುವುದನ್ನು ಗುಜರಾತ್ ಸರ್ಕಾರವು 2023ರಲ್ಲಿ ನಿಷೇಧಿಸಿತು. ಪಂಚಾಯತಿ ಖರೀದಿಯಲ್ಲಿ ಅದನ್ನು ಸೇರಿಸದಿರುವುದು ಕ್ಷೇಮ. ಕಂಬದಂತೆ ನೇರವಾಗಿ ಬೆಳೆಯುವ ಅಶೋಕಕ್ಕೆ ಯಾವ ದೋಷವೂ ಇಲ್ಲ, ನೆರಳೂ ಇಲ್ಲ.

ನೀರಿನ ಲೆಕ್ಕ

ಸಸಿಗಳ ಸಂಖ್ಯೆಯನ್ನು ಗುರಿಯಿಂದಲ್ಲ, ನೀರಿನಿಂದ ನಿರ್ಧರಿಸಬೇಕು. ಒಂದು ಸಸಿಗೆ ವಾರಕ್ಕೆ 20 ಲೀಟರ್‌ನಂತೆ ಡಿಸೆಂಬರ್‌ನಿಂದ ಮೇ ಕೊನೆಯವರೆಗೆ 26 ವಾರಗಳಿಗೆ 520 ಲೀಟರ್ ಬೇಕು. 50 ಸಸಿಗಳಿಗೆ 26,000 ಲೀಟರ್, ಅಂದರೆ 5,000 ಲೀಟರ್‌ನ ಟ್ಯಾಂಕರ್ ಐದು ಬಾರಿ ಬಂದು ಆರನೆಯ ಬಾರಿಯೂ ಸ್ವಲ್ಪ ಬೇಕಾಗುತ್ತದೆ. 200 ಸಸಿಗಳಾದರೆ 1,04,000 ಲೀಟರ್, ಸುಮಾರು 21 ಟ್ಯಾಂಕರ್. ಇದು ಮೊದಲ ವರ್ಷದ ಲೆಕ್ಕ. ಎರಡನೆಯ ಮತ್ತು ಮೂರನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ 30 ಲೀಟರ್ ಕೊಟ್ಟರೂ ಸಸಿಯೊಂದಕ್ಕೆ ವರ್ಷಕ್ಕೆ 390 ಲೀಟರ್ ತಗಲುತ್ತದೆ. ಕುಡಿಯುವ ನೀರಿಗೇ ಟ್ಯಾಂಕರ್ ಕಳುಹಿಸಬೇಕಾದ ವರ್ಷದಲ್ಲಿ 21 ಟ್ಯಾಂಕರ್ ನೀರನ್ನು ಮರಗಳಿಗೆ ಕೊಡುವೆವೆಂದು ಯಾವ ಸಭೆಯೂ ನಿರ್ಣಯಿಸಲಾರದು, ನಿರ್ಣಯಿಸಲೂಬಾರದು. ಹಾಗಾದರೆ 200 ಸಸಿಗಳನ್ನು ನೆಡುವ ನಿರ್ಣಯವನ್ನೂ ಮಾಡಬಾರದು. ಉಳಿಸಬಲ್ಲ 20 ಸಸಿಗಳನ್ನು ನೆಟ್ಟ ಪಂಚಾಯತಿಯು ಹತ್ತು ವರ್ಷದ ನಂತರ ಹೆಚ್ಚು ಮರಗಳನ್ನು ಹೊಂದಿರುತ್ತದೆ.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯನವರು ಹುಲಿಕಲ್ ಹಾಗೂ ಕುದೂರು ನಡುವಣ ರಸ್ತೆಯಲ್ಲಿ ಬೆಳೆಸಿದ ಆಲದ ಮರಗಳು 385 ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅವರು ಆರಂಭಿಸಿದ ರೀತಿ ಅಷ್ಟು ಪ್ರಚಾರ ಪಡೆದಿಲ್ಲ. ಮೊದಲ ವರ್ಷ 10 ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20. ನೀರನ್ನು ಬಿಂದಿಗೆಗಳಲ್ಲಿ ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆಯಬೇಕಾಗಿದ್ದ ದಂಪತಿಗಳು ನೆಟ್ಟದ್ದು ಮಳೆಗಾಲದಲ್ಲಿ, ಬೇಲಿಗೆ ಬಳಸಿದ್ದು ಮುಳ್ಳು. ತಾಂತ್ರಿಕ ಅಂದಾಜು ಪಟ್ಟಿ ಇಲ್ಲದೆಯೇ ಅವರು ಸಸಿಗಳ ಸಂಖ್ಯೆಯನ್ನು ಹೊರಬಲ್ಲ ನೀರಿಗೆ ಸರಿಹೊಂದಿಸಿದ್ದರು.

ನೀರಿನ ಮೂಲಗಳ ಬಗ್ಗೆಯೂ ಲೆಕ್ಕ ಹಾಕಬಹುದು. 100 ಚದರ ಮೀಟರ್‌ನ ಶಾಲಾ ಮಾಳಿಗೆಯ ಮೇಲೆ ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದರೆ 75,000 ಲೀಟರ್ ಆಗುತ್ತದೆ. ಐದನೇ ಒಂದು ಭಾಗ ನಷ್ಟವೆಂದು ಬಿಟ್ಟರೂ 60,000 ಲೀಟರ್ ಉಳಿಯುತ್ತದೆ. ಅಷ್ಟನ್ನೂ ಸಂಗ್ರಹಿಸುವ ತೊಟ್ಟಿ ದುಬಾರಿ. ಆದರೆ ಮಾಳಿಗೆಯ ಕೊಳವೆಯ ನೀರನ್ನು ಚರಂಡಿಗೆ ಬಿಡದೆ ಸಸಿಗಳ ಪಾತಿಗೆ ತಿರುಗಿಸಿದರೆ ಅಕ್ಟೋಬರ್‌ನ ಮಣ್ಣಿನ ತೇವವು ಜನವರಿಯವರೆಗೆ ನಿಲ್ಲುತ್ತದೆ; ನೀರು ಕೊಡುವ ವಾರಗಳು ಅಷ್ಟು ಕಡಿಮೆಯಾಗುತ್ತವೆ. ಬಿಸಿಯೂಟದ ತಟ್ಟೆ ತೊಳೆದ ನೀರೂ ಒಳ್ಳೆಯ ಮೂಲವೇ. ಇಲ್ಲಿ ಒಂದು ತೊಡಕಿದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ. ಸಸಿಗೆ ನೀರು ಅತ್ಯಂತ ಅಗತ್ಯವಿರುವ ಏಳು ವಾರಗಳಲ್ಲಿ ತಟ್ಟೆಯೂ ಇಲ್ಲ, ಮಕ್ಕಳೂ ಇಲ್ಲ, ಗೇಟಿಗೆ ಬೀಗ. ಶಾಲಾ ಆವರಣದ ಸಸಿಗಳು ಮಾರ್ಚ್‌ವರೆಗೆ ಚೆನ್ನಾಗಿದ್ದು ಜೂನ್‌ನಲ್ಲಿ ಕಡ್ಡಿಯಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಪ್ರಮುಖ ಕಾರಣ. ಆ ಅವಧಿಗೆ ಯಾವ ನೀರುಗಂಟಿ ಹೊಣೆಗಾರ, ಕೀಲಿ ಕೈ ಯಾರ ಬಳಿ ಎಂಬುದನ್ನು ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯುವುದು ಅಗತ್ಯ.

ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬರುವ ತ್ಯಾಜ್ಯ ನೀರನ್ನು ಸಸಿಗಳಿಗೆ ಹರಿಸಬಹುದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಆ ನೀರಿನಲ್ಲಿ ಲವಣಾಂಶವು ಕೊಳವೆಬಾವಿಯ ನೀರಿಗಿಂತ ಹೆಚ್ಚಾಗಿರುತ್ತದೆ. ಬೆಳೆದ ಹೊಂಗೆ ಅದನ್ನು ಒಂದು ಮಟ್ಟಿಗೆ ತಾಳಿಕೊಳ್ಳಬಲ್ಲದು, ಎಳೆಯ ಹಲಸು-ಮಾವು ತಾಳಲಾರವು. ಎಲೆಯ ಅಂಚು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಬೇಕು.

ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಕಡಲೆಕಾಯಿ ಸಿಪ್ಪೆ ಹೊದಿಸಿದರೆ ತೇವ ಆರುವುದು ಬಹಳಷ್ಟು ಕಡಿಮೆಯಾಗುತ್ತದೆ. ರಾಗಿ ಹುಲ್ಲು ದನಗಳ ಮೇವಾದುದರಿಂದ ಅದನ್ನು ಹೊದಿಸುವ ಸಲಹೆ ಈ ಜಿಲ್ಲೆಯಲ್ಲಿ ನಡೆಯುವಂತಹುದಲ್ಲ. ಸಸಿಯ ಪಕ್ಕದಲ್ಲಿ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚುವ ಹಳೆಯ ಪದ್ಧತಿ ಹಿತ್ತಲಿಗೂ ಅಂಗನವಾಡಿಗೂ ಚೆನ್ನಾಗಿ ಒಗ್ಗುತ್ತದೆ.

ಬೇಲಿ, ತಂತಿ, ಎಲೆಕಸ

ಬೇವು, ನೇರಳೆ, ಹಲಸುಗಳ ಸಸಿಗಳನ್ನು ಮೇಕೆಯ ಬಾಯಿ ಎಟುಕದ ಎತ್ತರಕ್ಕೆ, ಅಂದರೆ ಆರು ಅಡಿಯವರೆಗೆ, ಕಾಪಾಡಬೇಕು. ಕಬ್ಬಿಣದ ಜಾಲರಿ ಕಳುವಾಗುವೆಡೆ ಜಾಲಿ ಅಥವಾ ಎಲಚಿಯ ಮುಳ್ಳು ಅಗ್ಗ ಹಾಗೂ ಭದ್ರ. ಜಾಲರಿ ಹಾಕಿದ್ದರೆ ಕಾಂಡ ದಪ್ಪವಾಗುವ ಮೊದಲೇ ತೆಗೆಯಲು ಮರೆಯಬಾರದು. ಕಬ್ಬಿಣ ತೊಗಟೆಯೊಳಗೆ ಹುದುಗಿಹೋದ ಮರಗಳು ರಸ್ತೆಬದಿಯಲ್ಲಿ ಸಾಕಷ್ಟಿವೆ.

ವಿದ್ಯುತ್ ಮಾರ್ಗದ ಕೆಳಗೆ ಎತ್ತರದ ಮರ ನೆಟ್ಟಲ್ಲಿ ಬೆಸ್ಕಾಂ ಸಿಬ್ಬಂದಿಯು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಅದರ ತಲೆ ಕತ್ತರಿಸುವುದು ಅನಿವಾರ್ಯ. ತಪ್ಪು ನೆಟ್ಟವರದೇ ಹೊರತು ಕತ್ತರಿಸಿದವರದಲ್ಲ. ಮರದಿಂದ ಮರಕ್ಕೆ ಹೊಂಗೆ ಮತ್ತು ರಂಜೆಗೆ 6 ಮೀಟರ್, ನೇರಳೆ, ಹಲಸು, ಮಾವುಗಳಿಗೆ 8ರಿಂದ 10 ಮೀಟರ್ ಅಂತರವಿರಬೇಕು. ಕಟ್ಟಡದಿಂದಲೂ ಕನಿಷ್ಠ 5 ಮೀಟರ್ ಬಿಡಬೇಕು.

ಬೆಳೆದ ಮರದ ಮೇಲೆ ಬರುವ ದೂರು ಬಹುಮಟ್ಟಿಗೆ ಎಲೆಕಸದ್ದು. ಗುಡಿಸುವವರ ಶ್ರಮ ನಿಜ, ಅದನ್ನು ತಳ್ಳಿಹಾಕಲಾಗದು. ಆವರಣದ ಮೂಲೆಯಲ್ಲಿ ಒಂದು ಗುಂಡಿ ತೆಗೆಸಿ ಎಲೆಗಳನ್ನು ಅಲ್ಲಿಯೇ ಕಳಿಸಿದರೆ ಮುಂದಿನ ವರ್ಷದ ಸಸಿಗಳಿಗೆ ಗೊಬ್ಬರ, ಈ ವರ್ಷದವಕ್ಕೆ ಹೊದಿಕೆ ಎರಡೂ ದೊರೆಯುತ್ತವೆ. ಮರದ ಬುಡದಲ್ಲೇ ಎಲೆಗೆ ಬೆಂಕಿ ಹಾಕುವುದರಿಂದ ತೊಗಟೆ ಸುಟ್ಟು ಮರ ಒಂದು ಬದಿಯಲ್ಲಿ ಸಾಯುತ್ತದೆ. ಕಸ, ನೆರಳು, ಹಣ್ಣು ಯಾವ ಕಾರಣದ ದೂರಿದ್ದರೂ ಮರ ಕಡಿಯಲು ಪಂಚಾಯತಿಯ ನಿರ್ಣಯವೊಂದೇ ಸಾಲದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕು. ವಿನಾಯಿತಿ ಇರುವ ಜಾತಿಗಳ ಪಟ್ಟಿಯನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಗುಂಡುತೋಪುಗಳು ಮತ್ತು ದಾಖಲೆ

ಹೊಸ ಜಾಗ ಹುಡುಕುವ ಮುನ್ನ ಗ್ರಾಮದ ಕಂದಾಯ ದಾಖಲೆಯಲ್ಲಿ ಗುಂಡುತೋಪು ಎಂದು ನಮೂದಾಗಿರುವ ಸರ್ವೆ ನಂಬರು ಇದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯವರಲ್ಲಿ ಕೇಳುವುದು ಒಳ್ಳೆಯದು. ಮಾವು, ನೇರಳೆ, ಹುಣಸೆ, ಹೊಂಗೆ, ಹಿಪ್ಪೆಗಳನ್ನು ಒಟ್ಟಿಗೆ ಬೆಳೆಸಿದ ಈ ತೋಪುಗಳು ದನಗಳ ವಿಶ್ರಾಂತಿಗೆ, ದಾರಿಹೋಕರ ತಂಗುವಿಕೆಗೆ, ಊರ ಕಾರ್ಯಗಳಿಗೆ ಬಳಕೆಯಲ್ಲಿದ್ದವು. ಹಲವು ತೋಪುಗಳು ಒತ್ತುವರಿಯಾಗಿವೆ. ಕೆಲವು ಕಸ ಸುರಿಯುವ ಸ್ಥಳವಾಗಿವೆ. ಕೆಲವೆಡೆ ಹಳೆಯ ಮರಗಳು ಒಂದೊಂದಾಗಿ ಬಿದ್ದು ಹೆಸರು ಮಾತ್ರ ಉಳಿದಿದೆ. ಗಡಿ ಗುರುತಿಸಿ ಸುತ್ತ ಕಂದಕ ತೆಗೆಸಿದ ಮೇಲೆಯೇ ಸಸಿ ನೆಡಬೇಕು. ಗಡಿ ವಿವಾದವಿರುವ ಜಾಗದಲ್ಲಿ ನೆಟ್ಟ ಸಸಿಗೆ ಮೇಕೆಗಿಂತ ಮನುಷ್ಯರ ಭಯ ಹೆಚ್ಚು. ಉಳಿದಿರುವ ಹಳೆಯ ಮರಗಳನ್ನು ಜೀವವೈವಿಧ್ಯ ಅಧಿನಿಯಮ, 2002ರಡಿ ಪ್ರತಿ ಪಂಚಾಯತಿಯಲ್ಲಿ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಬಹುದು. ಉತ್ತಮ ಬೀಜ ಸಂಗ್ರಹಕ್ಕೂ ಅವೇ ಮರಗಳು ಆಧಾರ.

ಕ್ರಿಯಾಯೋಜನೆ ತಯಾರಿಸುವಾಗ ಗುಂಡಿ ಮತ್ತು ನೆಡುವಿಕೆಯ ಮೊತ್ತದೊಂದಿಗೆ ಮೂರು ವರ್ಷದ ಪಾಲನೆಯ ಮೊತ್ತವನ್ನೂ ಅದೇ ಅಂದಾಜು ಪಟ್ಟಿಯಲ್ಲಿ ಸೇರಿಸಬೇಕು. ಮೊದಲ ವರ್ಷದ ಹಣ ಖರ್ಚಾದ ಮೇಲೆ ಎರಡನೆಯ ವರ್ಷಕ್ಕೆ ಪ್ರತ್ಯೇಕ ಅನುಮೋದನೆ ಕೇಳಿದಾಗ ಅದು ಬರುವ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಸಸಿ ನೋಂದಣಿ ಪುಸ್ತಕದಲ್ಲಿ ಈಗ ಸಾಮಾನ್ಯವಾಗಿ ಇರುವ ಜಾತಿ, ಸ್ಥಳ, ನೆಟ್ಟ ದಿನಾಂಕ ಎಂಬ ಕಾಲಂಗಳ ಮುಂದೆ ಇನ್ನು ನಾಲ್ಕು ಕಾಲಂಗಳನ್ನು ಎಳೆಯಬಹುದು. ಒಂದರಲ್ಲಿ ನೀರು ಕೊಡುವ ವ್ಯಕ್ತಿಯ ಹೆಸರು, ಉಳಿದ ಮೂರರಲ್ಲಿ ಒಂದನೆಯ, ಎರಡನೆಯ ಮತ್ತು ಮೂರನೆಯ ಯುಗಾದಿಯಂದು ಸಸಿ ಇದೆಯೇ ಇಲ್ಲವೇ ಎಂಬುದು. ಎಣಿಕೆಯನ್ನು ಆಯಾ ವಾರ್ಡಿನ ಸದಸ್ಯರೇ ನಡೆದು ನೋಡಿ ಸಹಿ ಮಾಡಿ, ನಂತರದ ಸಾಮಾನ್ಯ ಸಭೆಗೆ ಮಂಡಿಸುವುದು. ಇಲ್ಲವೆಂದು ಬರೆದಲ್ಲಿ ಕಾರಣವನ್ನೂ ಒಂದು ಪದದಲ್ಲಿ ಬರೆಯಬೇಕು: ನೀರು, ಮೇಕೆ, ಗೆದ್ದಲು, ಬೆಂಕಿ ಅಥವಾ ಗಡಿ. ಆ ಆವರಣಕ್ಕೆ ಮುಂದಿನ ವರ್ಷ ಯಾವ ಜಾತಿಯ ಎಷ್ಟು ಸಸಿ ಬೇಕೆಂಬ ಬೇಡಿಕೆ ಪಟ್ಟಿಯನ್ನು ಈ ಕಾಲಂ ನೋಡಿಯೇ ತಯಾರಿಸುವುದು.